ಗುಡ್ಡ ಹತ್ತಿದ ಬಾಣಂತಿ ಗಿಡ

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಬೇರೆಯವರ ಹಲ್ಲು ಮಾಡಿದಳು. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯಲ್ಲಿ, ಒಂದೇ ಕಿಟಕಿಯ ಕೋಣೆಯೊಳಗೆ, ಎತ್ತರದ ಸ್ಟೂಲಿನ ಮೇಲೆ ಕುಳಿತು ಮೇಣ ಕರಗಿಸಿ, ಅಚ್ಚು ಹೊಯ್ದು, ಗುಲಾಬಿ ಬಣ್ಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ರೋಗಿಗಳು ಅವಳ ಮುಖ ನೋಡುತ್ತಿದ್ದದ್ದೇ ಕಡಿಮೆ. ಅವಳಿಗೆ ಗೊತ್ತಿದ್ದದ್ದೂ ಅವರ ಬಾಯಿ ಮಾತ್ರ. ಬೀದಿಯಲ್ಲಿ ಯಾರಾದರೂ ನಕ್ಕರೆ, ‘ಮೇಲಿನ ಸಾಲು ನಂದು’ ಎಂದು ನನ್ನ ಕಿವಿಯಲ್ಲಿ ಹೇಳುವಳು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಗಾದೆ ತನ್ನ ಹೊಟ್ಟೆಪಾಡಿಗಾಗಿಯೇ ಹುಟ್ಟಿದ್ದು ಎಂಬುದು ಅವಳ ಹಳೆಯ ತಮಾಷೆ. ಓಣಿಯವರಿಗೆಲ್ಲ ಅವಳು ಹಲ್ಲಕ್ಕ.

ದೊಡ್ಡಪ್ಪ ತೀರಿಕೊಂಡಾಗ ಅವಳಿಗೆ ಮೂವತ್ತಾರು ವರ್ಷ. ಮಕ್ಕಳಿರಲಿಲ್ಲ. ನಾನು ಗಂಡನ ಮನೆ ಬಿಟ್ಟು, ವಿಮಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಹಿಡಿದು ಅವಳ ಬಾಗಿಲಿಗೆ ಬಂದಾಗ ಅವಳಿಗೆ ಐವತ್ತು ದಾಟಿತ್ತು. ಯಾಕೆ ಬಂದೆ ಎಂದು ಕೇಳಲಿಲ್ಲ. ಮುಂದಿನ ಕೋಣೆ ಖಾಲಿ ಮಾಡಿಕೊಟ್ಟು, ಚಿಲಕವನ್ನು ಸ್ವಲ್ಪ ಮೇಲಕ್ಕೆತ್ತಿ ಹಾಕಬೇಕು ಎಂದು ತೋರಿಸಿಕೊಟ್ಟಳು, ಅಷ್ಟೇ. ಅವಳ ಬಗ್ಗೆ ನಾನು ಹೇಳಬೇಕಾದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಬಿಟ್ಟು ಹೇಳಿದರೆ ಕಥೆ ನೇರವಾಗುವುದಿಲ್ಲ.

ಮನೆ ಸಾಲಿನಲ್ಲಿ ಕೊನೆಯದು. ಹಿತ್ತಲೆಂದರೆ ನಾಲ್ಕು ಹೆಜ್ಜೆ ಅಗಲದ ಜಾಗ, ಎದೆಮಟ್ಟದ ಗೋಡೆ. ಗೋಡೆಯಾಚೆ ಜಲ್ಲಿಕಲ್ಲಿನ ಗುಡ್ಡ. ಯಾರದೂ ಅಲ್ಲದ್ದರಿಂದ ಅದು ಎಲ್ಲರದೂ ಆಗಿತ್ತು. ಹಿತ್ತಲಿನ ಮಣ್ಣು ಕೆದಕಿದಲ್ಲೆಲ್ಲ ಇಟ್ಟಿಗೆ ಚೂರು. ಸೊಪ್ಪು ಬಿತ್ತಿದರೆ ಬೆರಳುದ್ದ ಬೆಳೆದು ಹಳದಿಗಟ್ಟುತ್ತಿತ್ತು. ಮೂರು ಸಲ ಸೋತ ಮೇಲೆ ದೊಡ್ಡಮ್ಮ ದಪ್ಪ ಎಲೆಯ ಗಿಡಗಳಿಗೆ ಕೈಹಾಕಿದಳು. ಅಂಗಡಿಯವರು ಅವನ್ನು ಸಕ್ಯುಲೆಂಟ್ ಎನ್ನುತ್ತಾರೆ. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಂಡು, ಎರಡು ವಾರ ಮರೆತರೂ ಮುನಿಸಿಕೊಳ್ಳದ ಗಿಡಗಳು. ಹಲ್ಲು ಕೂರಿಸುವ ಕೈಗೆ ಅವು ಹೇಳಿ ಮಾಡಿಸಿದಂತಿದ್ದವು. ಮೇಣ ಕೆತ್ತುವ ಸಣ್ಣ ಚಾಕುವಿನಿಂದ ಒಂದು ಎಲೆ ಬಿಡಿಸುವಳು, ಗಾಯ ಒಣಗಲೆಂದು ನಾಲ್ಕು ದಿನ ನೆರಳಲ್ಲಿಡುವಳು, ಮರಳು ಬೆರೆಸಿದ ಮಣ್ಣಿನ ಮೇಲೆ ಸುಮ್ಮನೆ ಮಲಗಿಸುವಳು. ತಿಂಗಳಲ್ಲಿ ಎಲೆಯ ಬುಡದಿಂದ ಕೂದಲೆಳೆಯಂಥ ಬೇರು ಇಳಿಯುತ್ತಿತ್ತು. ಕ್ಲಿನಿಕ್ಕಿನಲ್ಲಿ ಬೇಡವಾದ ದವಡೆಯ ಅಚ್ಚುಗಳನ್ನು ತಂದು ಕುಂಡಗಳ ಸುತ್ತ ಸಾಲಾಗಿ ಇಟ್ಟಿದ್ದಳು. ವಿದ್ಯುತ್ ಮೀಟರ್ ನೋಡಲು ಬಂದವನು ಆ ಸಾಲು ಕಂಡು, ಅಂಕಿ ಬರೆದುಕೊಳ್ಳುವುದನ್ನೂ ಮರೆತು ಹೊರಗೆ ಹೋಗಿದ್ದ.

ಬಾಣಂತಿ ಗಿಡ ಬಂದದ್ದು ಒಬ್ಬ ರೋಗಿಯ ಕೈಯಿಂದ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಮುದುಕ, ಹೊಸ ಹಲ್ಲು ಸರಿಯಾಗಿ ಕೂತ ಖುಷಿಗೆ ಕಾಗದದಲ್ಲಿ ಸುತ್ತಿದ ಒಂದು ತುಂಡು ಕೊಟ್ಟು ಹೋದ. ಕಡ್ಡಿಯಂತೆ ದುಂಡನೆಯ ಎಲೆ, ಬೂದು ಬಣ್ಣ, ಮೈಮೇಲೆ ಕಂದು ಚುಕ್ಕೆ. ಒಂದೊಂದು ಎಲೆಯ ತುದಿಯಲ್ಲೂ ನಾಲ್ಕೈದು ಪುಟ್ಟ ಮರಿಗಳು. ಮುಟ್ಟಿದರೆ ಉದುರುತ್ತಿದ್ದವು, ಉದುರಿದಲ್ಲೇ ಬೇರು ಬಿಡುತ್ತಿದ್ದವು. ಮೋರಿಯ ಅಂಚಿನಲ್ಲಿ, ಗೋಡೆಯ ಬಿರುಕಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ, ಒಮ್ಮೆ ನನ್ನ ಹಳೆಯ ಚಪ್ಪಲಿಯಲ್ಲಿ. ಚಳಿಗಾಲದಲ್ಲಿ ಉದ್ದನೆಯ ದಂಟು ಬಂದು, ಅದರ ತುದಿಯಲ್ಲಿ ಕೆಂಪು ಗಂಟೆಗಳಂತೆ ಹೂವು ಜೋತುಬಿದ್ದವು. ಗಿಡಕ್ಕೆ ಹೆಸರಿಟ್ಟವಳು ಹಾಲಿನಾಕೆ. ಯಾವಾಗ ನೋಡಿದರೂ ಹೆತ್ತುಕೊಂಡೇ ಇರುತ್ತದೆ, ಇದು ಬಾಣಂತಿ ಗಿಡವಲ್ಲದೆ ಇನ್ನೇನು ಎಂದಿದ್ದಳು.

ಹಾಲಿನಾಕೆಯ ಮನೆ ಗುಡ್ಡದ ಆ ಬದಿಗೆ. ಮೂರು ಹಸು ಸಾಕಿ, ನಮ್ಮ ಓಣಿಗೆಲ್ಲ ಎರಡು ಹೊತ್ತು ಹಾಲು ಹಾಕುತ್ತಿದ್ದಳು. ಗಂಡ ಬಸ್ಸುಗಳಿಗೆ ಬಣ್ಣ ಬಳಿಯುವ ಗ್ಯಾರೇಜಿನಲ್ಲಿದ್ದ. ಅವನ ಉಗುರಿನ ಸಂದಿಯಲ್ಲಿ ಸದಾ ಯಾವುದಾದರೂ ಬಸ್ಸಿನ ಬಣ್ಣ ಇರುತ್ತಿತ್ತು. ಅದೇ ಮನೆಯ ಇನ್ನೊಂದು ಅರ್ಧದಲ್ಲಿ ಮೈದುನ. ಮದುವೆಯಾಗದ, ಮಾತು ಒರಟಾದ ಮನುಷ್ಯ, ಶಾಲೆಯೊಂದರ ಕಾವಲುಗಾರ. ಹಸುಗಳನ್ನು ಗುಡ್ಡಕ್ಕೆ ಬಿಟ್ಟು ಹಾಲಿನಾಕೆ ನಮ್ಮ ಗೋಡೆಗೆ ಆನಿಕೊಂಡು ನಿಲ್ಲುವಳು. ಈ ಕಡೆ ದೊಡ್ಡಮ್ಮ ಕುಂಡಗಳ ನಡುವೆ. ಇಪ್ಪತ್ತು ವರ್ಷದ ಗೆಳೆತನ ಆ ಗೋಡೆಯ ಮೇಲೆಯೇ ಬೆಳೆದದ್ದು. ನಲವತ್ತೈದಕ್ಕೇ ಹಲ್ಲೆಲ್ಲ ಹೋಗಿ ಬಾಯಿ ಬೊಚ್ಚಾಗಿದ್ದ ಹಾಲಿನಾಕೆಗೆ ದೊಡ್ಡಮ್ಮ ರಜೆಯ ದಿನಗಳಲ್ಲಿ ಕೂತು ಒಂದು ಪೂರ್ತಿ ಸೆಟ್ಟು ಮಾಡಿಕೊಟ್ಟಿದ್ದಳು. ಅವಳ ನಗುವಿಗೆ ತಕ್ಕಂತೆ ಮುಂದಿನ ಎರಡು ಹಲ್ಲನ್ನು ಸ್ವಲ್ಪ ಅಗಲ ಮಾಡಿ.

ಬಾಣಂತಿ ಗಿಡ ಹಿತ್ತಲಲ್ಲಿ ಹಿಡಿಸಲಾರದಷ್ಟು ಹೆಚ್ಚಿತು. ದೊಡ್ಡಮ್ಮ ಕೇಳಿದವರಿಗೆ ಕೊಟ್ಟಳು, ಕೇಳದವರಿಗೂ ಕೊಟ್ಟಳು, ಕ್ಲಿನಿಕ್ಕಿನ ಕಿಟಕಿಗೆ ಒಂದು ಕುಂಡ ಇಟ್ಟಳು. ಪ್ರತಿ ಭಾನುವಾರ ಗುಡಿಸಿದ ಮರಿಗಳೂ ಕತ್ತರಿಸಿದ ದಂಟುಗಳೂ ಒಂದು ಬುಟ್ಟಿಯಾಗುತ್ತಿದ್ದವು. ಆ ಬುಟ್ಟಿಯನ್ನು ಗೋಡೆಯಾಚೆ ಸುರಿಯುತ್ತಿದ್ದೆವು. ಅವಳೂ ಸುರಿದಿದ್ದಾಳೆ, ನಾನೂ ಸುರಿದಿದ್ದೇನೆ. ಎಲೆಕಸ ತಾನೇ, ಮಣ್ಣಿಗೆ ಮಣ್ಣಾಗುತ್ತದೆ ಎಂದುಕೊಂಡಿದ್ದೆವು.

ಮೂರನೆಯ ಚಳಿಗಾಲಕ್ಕೆ ಗೋಡೆಯಿಂದ ಅರ್ಧ ಗುಡ್ಡದವರೆಗೆ ಕೆಂಪು ಹೂವು ಹರಡಿತು. ಸಂಜೆ ಜನ ಅದನ್ನು ನೋಡಲೆಂದೇ ಆ ದಾರಿಯಲ್ಲಿ ಬರುತ್ತಿದ್ದರು. ಹುಡುಗಿಯರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ‘ನನ್ನ ಮಕ್ಕಳು ಗುಡ್ಡ ಹತ್ತಿಬಿಟ್ಟವು ನೋಡು’ ಎಂದು ದೊಡ್ಡಮ್ಮ ನನಗೆ ಹೇಳಿದಳು. ಅವಳ ದನಿಯಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುವರ್ಷ ಹುಲ್ಲು ಬೇಗ ಒಣಗಿತು. ಗುಡ್ಡದ ಮೇಲೆ ಹಸಿರಾಗಿ ಉಳಿದದ್ದು ಅದೊಂದೇ.

ಆ ಚಳಿಗಾಲದಲ್ಲಿ ಹಾಲಿನಾಕೆಯ ದೊಡ್ಡ ಹಸು ಮೇವು ಬಿಟ್ಟಿತು. ಒಂದು ದಿನ ತಲೆ ತಗ್ಗಿಸಿ ನಿಂತಿತ್ತು, ಜೊಲ್ಲು ಸುರಿಸಿತು, ಭೇದಿಯಾಯಿತು, ಮರುದಿನ ಮುಂಗಾಲು ಮಡಿಚಿ ಕೂತದ್ದು ಏಳಲಿಲ್ಲ. ಹಾಲಿನಾಕೆ ಮೈದುನನ ಮೇಲೆ ಬಿದ್ದಳು. ಕೊಟ್ಟಿಗೆಯ ಗೋಡೆ ತನ್ನ ಪಾಲಿನ ಜಾಗದೊಳಗೆ ಬಂದಿದೆ ಎಂದು ಅವನು ತಿಂಗಳ ಹಿಂದಷ್ಟೇ ಜಗಳವಾಡಿದ್ದ. ಸಿಟ್ಟಿನಲ್ಲಿ, ಈ ಕೊಟ್ಟಿಗೆ ಒಂದು ದಿನ ತಾನಾಗಿ ಖಾಲಿಯಾಗುತ್ತದೆ ಎಂದೂ ಅಂದುಬಿಟ್ಟಿದ್ದ. ಆ ಮಾತನ್ನು ಕೇಳಿದವರು ನಾಲ್ಕು ಮಂದಿ ಇದ್ದರು. ಎಂಟು ದಿನಕ್ಕೆ ಎರಡನೆಯ ಹಸುವೂ ಹಾಗೆಯೇ ಸತ್ತಾಗ, ಕೇಳಿದವರು ನಲವತ್ತಾದರು. ಪಶುವೈದ್ಯರನ್ನು ಕರೆಸುವ ಯೋಚನೆ ಯಾರಿಗೂ ಬರಲಿಲ್ಲ. ವಿಷ ಹಾಕಿದವನು ಕಣ್ಣೆದುರಿಗೇ ಇರುವಾಗ ವೈದ್ಯರು ಯಾಕೆ.

ಓಣಿಯ ಗಂಡಸರು ಅವನನ್ನು ಎಳೆದು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿ ಕೇಳಿದರು. ಅವನು ಒಪ್ಪಲಿಲ್ಲ. ಬಾಯಿ ಬಿಟ್ಟರೆ ಬೈಗುಳವೇ ಬರುವ ಮನುಷ್ಯ, ಆ ದಿನ ಒಂದೇ ಒಂದು ಬೈಗುಳ ಬೈಯಲಿಲ್ಲ. ನಾನಲ್ಲ, ನಾನಲ್ಲ ಎಂದಷ್ಟೇ ಹೇಳಿದ. ಯಾರೋ ಹೊಡೆದರು. ಅಣ್ಣ ಬಣ್ಣದ ಡಬ್ಬಿ ಹಿಡಿದುಕೊಂಡು ನೋಡುತ್ತ ನಿಂತಿದ್ದ, ಬಿಡಿಸಲು ಬರಲಿಲ್ಲ. ಮೂಕಪ್ರಾಣಿಗೆ ವಿಷ ಹಾಕಿದವನು ಮಕ್ಕಳಿರುವ ಕಡೆ ಬೇಡವೆಂದು ಶಾಲೆಯವರು ಕೆಲಸದಿಂದ ತೆಗೆದರು. ಅವನು ಒಂದು ಟ್ರಂಕು ಹೊತ್ತುಕೊಂಡು ನಮ್ಮ ಮನೆಯ ಮುಂದೆಯೇ ಹಾದುಹೋದ. ದೊಡ್ಡಮ್ಮ ಬಾಗಿಲಲ್ಲಿ ನಿಂತು, ಅಂಥವನಿಗೆ ಆಗಬೇಕಾದ್ದೇ ಎಂದಳು.

ಅದಾದ ಹದಿನೈದು ದಿನಕ್ಕೆ ಪಶುವೈದ್ಯರೊಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ತಾಯಿ ಒಳಗೆ ಅಳತೆ ಕೊಡುತ್ತಿದ್ದಾಗ ಇವರು ಕಿಟಕಿಯ ಕುಂಡವನ್ನು ನೋಡಿ, ಇದನ್ನು ಯಾರು ಇಟ್ಟಿದ್ದು ಎಂದು ಕೇಳಿದರು. ದೊಡ್ಡಮ್ಮ ನಗುತ್ತಲೇ ಹೊರಗೆ ಬಂದಳಂತೆ, ಬೇಕಾದರೆ ಒಂದು ಎಲೆ ತೆಗೆದುಕೊಂಡು ಹೋಗಿ ಎಂದಳಂತೆ.

‘ಬೇಡಮ್ಮ’ ಎಂದರು ಅವರು. ‘ದನ ಇದನ್ನ ತಿಂದ್ರೆ ಎದೆ ನಿಂತುಹೋಗುತ್ತೆ. ಎಲೆಗಿಂತ ಹೂವು ಇನ್ನೂ ಕೆಟ್ಟದ್ದು. ಕುಂಡದಲ್ಲಿದ್ರೆ ಇರಲಿ, ಹೊರಗೆ ಮಾತ್ರ ಬಿಸಾಡಬೇಡಿ.’

ಆ ಸಂಜೆ ದೊಡ್ಡಮ್ಮ ಕೈಚೀಲವನ್ನೂ ಕೆಳಗಿಡದೆ ಅಡುಗೆಮನೆಯ ಹೊಸಿಲ ಮೇಲೆ ಕೂತುಬಿಟ್ಟಳು. ನಾನು ನೀರು ಕೊಟ್ಟೆ. ಲೋಟ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು. ಈಗಲೇ ಹೋಗಿ ಹಾಲಿನಾಕೆಗೆ ಹೇಳಿಬಿಡುತ್ತೇನೆ ಎಂದು ಎದ್ದವಳನ್ನು ಕೂರಿಸಿದವಳು ನಾನು.

‘ಈಗ ಹೇಳಿದ್ರೆ ಸತ್ತ ಹಸು ಎದ್ದು ಬರುತ್ತಾ’ ಎಂದೆ. ‘ಆ ಮನುಷ್ಯಂಗೆ ಹೊಡೆದವರು ನಾಳೆ ನಮ್ಮ ಬಾಗಿಲಿಗೆ ಬರ್ತಾರೆ. ಸ್ವಲ್ಪ ದಿನ ಸುಮ್ನಿರು ದೊಡ್ಡಮ್ಮ. ಎಲ್ಲ ತಣ್ಣಗಾಗಲಿ.’

ಗಂಡನ ಮನೆಯಲ್ಲಿ ಆರು ವರ್ಷ ನಾನು ಕಲಿತದ್ದು ಅದೊಂದೇ ವಿದ್ಯೆ, ಸುಮ್ಮನಿರುವುದು. ಅದನ್ನೇ ಅವಳಿಗೂ ಕಲಿಸಿದೆ.

ಮರುದಿನದಿಂದ ಅವಳು ಕೆಲಸಕ್ಕೆ ಹೋಗುವ ಮುಂಚೆ ಗೋಡೆ ದಾಟಿ ಗಿಡ ಕೀಳತೊಡಗಿದಳು. ಯಾರಾದರೂ ಕೇಳಿದರೆ, ಕುಂಡಕ್ಕೆ ಬೇಕು ಎನ್ನುವಳು. ಹಾಲಿನಾಕೆಯ ಬಳಿ ಉಳಿದದ್ದು ಒಂದು ಹಸು. ಅದನ್ನು ಉಳಿಸಬೇಕೆಂದು ದೊಡ್ಡಮ್ಮ ಒಂದು ಸುಳ್ಳು ಹೇಳಿದಳು: ಗುಡ್ಡದಲ್ಲಿ ದೊಡ್ಡ ಹಾವು ಕಂಡೆ, ಹಸುವನ್ನು ಆ ಕಡೆ ಬಿಡಬೇಡ. ಹಾಲಿನಾಕೆ ನಂಬಿದಳು, ಹಸುವನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕಿದಳು. ಹಸು ಉಳಿಯಿತು. ಆಗ ಓಣಿಯವರೆಲ್ಲ ಒಂದೇ ಮಾತಾಡಿದರು: ನೋಡಿ, ಅವನು ಹೋದ, ಹಸು ಉಳೀತು, ಇನ್ನೇನು ಸಾಕ್ಷಿ ಬೇಕು. ಹೀಗೆ ನಮ್ಮ ಸುಳ್ಳು ಅವನ ಮೇಲಿನ ಅಪವಾದಕ್ಕೆ ಮೊಳೆ ಹೊಡೆದು ಗಟ್ಟಿ ಮಾಡಿತು.

ತಣ್ಣಗಾಗಲಿ ಎಂದಿದ್ದೆನಲ್ಲ, ಎಲ್ಲವೂ ತಣ್ಣಗಾಯಿತು. ಹೇಳುವುದು ಮಾತ್ರ ದಿನದಿಂದ ದಿನಕ್ಕೆ ಕಷ್ಟವಾಯಿತು. ವಾರ ಕಳೆದಿದ್ದರೆ ವಾರದ ಲೆಕ್ಕ ಒಪ್ಪಿಸಬೇಕು, ತಿಂಗಳು ಕಳೆದಿದ್ದರೆ ತಿಂಗಳದ್ದು. ದೊಡ್ಡಮ್ಮನ ಊಟ ಅರ್ಧವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರಾದರೂ ಹಸು ಎಂದರೆ ಸಾಕು, ಅವಳು ಮಾತು ಬದಲಿಸುತ್ತಿದ್ದಳು. ಹಾಲಿನಾಕೆ ಗೋಡೆಗೆ ಆನಿಕೊಂಡು ಮೈದುನನನ್ನು ಶಪಿಸುವಾಗ ಈ ಕಡೆ ಕುಂಡದ ಮಣ್ಣು ಕೆದಕುತ್ತ ಹೂಂಗುಟ್ಟುವಳು. ಕ್ಲಿನಿಕ್ಕಿನಲ್ಲಿ ಮೊದಲ ಸಲ ಅವಳು ಮಾಡಿದ ಸೆಟ್ಟು ತಪ್ಪಿತು. ಬಾಯಿ ಮುಚ್ಚಿದರೆ ಮೇಲಿನ ಸಾಲು ಕೆಳಗಿನ ಸಾಲಿಗೆ ಕೂಡುತ್ತಿರಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ಸುದ್ದಿ ಬಂತು. ಮೈದುನ ಬೇರೆ ಬಡಾವಣೆಯಲ್ಲಿ ಕಟ್ಟಡದ ಕೂಲಿಗೆ ಹೋಗುತ್ತಿದ್ದನಂತೆ. ಐವತ್ತೆಂಟು ವರ್ಷದ, ಜೀವಮಾನವೆಲ್ಲ ಗೇಟಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ, ಮೂರನೆಯ ಅಂತಸ್ತಿನ ಸಾರುವೆಯ ಹಲಗೆಯಿಂದ ಬಿದ್ದು ಸತ್ತ. ದೇಹ ತರಲು ಅಣ್ಣ ಹೋದ. ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಶಾಲೆಯವರು ಕೊಟ್ಟಿದ್ದ ಸೀಟಿ, ಅಣ್ಣನಿಗೆಂದು ಬರೆಯಲು ತೊಡಗಿ ಎರಡು ಸಾಲಿಗೇ ನಿಲ್ಲಿಸಿದ ಒಂದು ಕಾಗದ ಇತ್ತಂತೆ. ಆ ಎರಡು ಸಾಲಿನಲ್ಲಿ ಏನಿತ್ತೆಂದು ಅಣ್ಣ ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಹಾಲಿನಾಕೆ ಗೋಡೆಯ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು, ಆದರೂ ಹೇಳಿದ್ದು ಬೇರೆ.

‘ಹಲ್ಲಕ್ಕ, ಹಸುವಿನ ಶಾಪ ಸುಮ್ನೆ ಬಿಡುತ್ತಾ’ ಎಂದಳು. ‘ಅವನಿಗೆ ತಟ್ತು ನೋಡಿ.’

ದೊಡ್ಡಮ್ಮ ಕೈಯಲ್ಲಿದ್ದ ಚಾಕುವನ್ನು ಕುಂಡದ ಅಂಚಿನ ಮೇಲಿಟ್ಟಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ಒಮ್ಮೆ ನೋಡಿದಳು. ನಾನು ತಲೆಯಾಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವಳು ಗೋಡೆಯ ಪಕ್ಕದ ಸಣ್ಣ ಬಾಗಿಲು ತೆರೆದು ಹೊರಗೆ ಹೋಗಿ, ಹಾಲಿನಾಕೆಯ ಕೈ ಹಿಡಿದು, ನಡಿ ನಿಮ್ಮನೆಗೆ ಹೋಗೋಣ, ನಿನ್ನ ಗಂಡನೂ ಇರಬೇಕು ಎಂದಳು. ನಾನೂ ಹಿಂದೆ ಹೋದೆ.

ಬಣ್ಣ ಬಳಿಯುವವನು ಜಗಲಿಯ ಮೇಲೆ ಕೂತಿದ್ದ. ದೊಡ್ಡಮ್ಮ ಕೂರಲಿಲ್ಲ. ಗಿಡ ಎಲ್ಲಿಂದ ಬಂತು, ಬುಟ್ಟಿ ಎಲ್ಲಿ ಸುರಿದೆವು, ಪಶುವೈದ್ಯರು ಏನೆಂದರು, ಹಾವಿನ ಸುಳ್ಳು ಯಾಕೆ ಹೇಳಿದೆ, ಎಲ್ಲವನ್ನೂ ಸಾಲಾಗಿ ಹೇಳಿದಳು. ಬುಟ್ಟಿಯ ಮಾತು ಬಂದಾಗ ‘ನಾನು’ ಎಂದಳೇ ಹೊರತು ‘ನಾವು’ ಎನ್ನಲಿಲ್ಲ. ಸುಮ್ಮನಿರಲು ಹೇಳಿದವಳು ಯಾರೆಂಬುದನ್ನೂ ಹೇಳಲಿಲ್ಲ. ನಾನು ಅವಳ ಬೆನ್ನ ಹಿಂದೆ ಸರಿದು ನಿಂತೆ.

ಅವನು ತನ್ನ ಉಗುರಿನ ಬಣ್ಣ ಕೆರೆಯುತ್ತ ಕೇಳಿದ.

‘ನಿಮಗೆ ಯಾವಾಗಿಂದ ಗೊತ್ತಿತ್ತು?’

‘ಅವನು ಹೋದ ಹದಿನೈದು ದಿನಕ್ಕೆ.’

‘ಅಂದ್ರೆ ಹದಿನಾಲ್ಕು ತಿಂಗಳು.’

‘ಹೌದು.’

‘ಅವನು ಒಂದು ಗಂಟೆ ದಾರಿಯಲ್ಲಿ ಇದ್ದ ಅಕ್ಕ’ ಎಂದ ಅವನು. ‘ಒಂದು ಬಸ್ಸು. ನಾನೇ ಬಣ್ಣ ಹೊಡೆದ ಬಸ್ಸು.’

ಹಾಲಿನಾಕೆ ಕೊಟ್ಟಿಗೆಯೊಳಗೆ ಹೋಗಿ ಹಸುವಿನ ಪಕ್ಕ ನಿಂತುಕೊಂಡಳು. ನಾವು ಹೊರಡುವವರೆಗೂ ಈಚೆಗೆ ಬರಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ, ದೊಡ್ಡಮ್ಮ ಅದನ್ನು ಹೊತ್ತುಕೊಂಡು ಬರುತ್ತಿದ್ದಳು. ಹೊರಲು ಏನನ್ನೂ ಕೊಡದೆ ಕಳಿಸಿದರು.

ಅಂದಿನಿಂದ ಹಾಲಿನಾಕೆ ನಮ್ಮ ಮನೆಗೆ ಹಾಲು ಹಾಕಲಿಲ್ಲ. ಗೋಡೆಯ ಹತ್ತಿರ ಬರಲಿಲ್ಲ. ದೊಡ್ಡಮ್ಮ ಮಾಡಿಕೊಟ್ಟ ಹಲ್ಲನ್ನೂ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಎದುರಾದಾಗ ಅವಳ ಕೆನ್ನೆ ಒಳಗೆ ಸೇದಿಕೊಂಡಿರುವುದು ಕಾಣುತ್ತಿತ್ತು. ಬೇರೆ ಕಡೆ ಮಾಡಿಸಿಕೊಳ್ಳಲೂ ಇಲ್ಲ. ಓಣಿಯವರಿಗೆ ವಿಷಯ ತಿಳಿದು ನಾಲ್ಕು ದಿನ ಗುಸುಗುಸು ನಡೆಯಿತು. ಆದರೆ ನಾನು ಹೆದರಿದ್ದಂತೆ ಯಾರೂ ಬಾಗಿಲಿಗೆ ಬರಲಿಲ್ಲ. ಅವನಿಗೆ ಹೊಡೆದವರಿಗೆ ತಮ್ಮ ಕೈಯ ನೆನಪೂ ಬೇಡವಾಗಿತ್ತು. ಅವರಲ್ಲೊಬ್ಬ ನನ್ನನ್ನು ನಿಲ್ಲಿಸಿ, ಆದದ್ದು ಆಗಿಹೋಯ್ತು, ನಿಮ್ಮ ದೊಡ್ಡಮ್ಮ ಅದನ್ನು ಕೆದಕಬಾರದಿತ್ತು ಎಂದು ಬುದ್ಧಿ ಹೇಳಿದ.

ದೊಡ್ಡಮ್ಮ ಕೆಲಸ ಬಿಟ್ಟಳು. ಗುಡ್ಡವನ್ನು ಹಿಡಿದಳು. ಮೊದಲ ವರ್ಷ ಕಂಡದ್ದನ್ನೆಲ್ಲ ಕಿತ್ತು ರಾಶಿ ಹಾಕಿದಳು. ರಾಶಿಯಲ್ಲೇ ಗಿಡ ಚಿಗುರಿತು. ಪಶುವೈದ್ಯರ ಬಳಿ ಹೋಗಿ ಕೇಳಿಕೊಂಡು ಬಂದ ಮೇಲೆ ಕ್ರಮ ಬದಲಾಯಿತು. ಹೂವು ಬಿರಿಯುವ ಮುಂಚೆಯೇ ಕೀಳಬೇಕು, ಇಲ್ಲವಾದರೆ ಬೀಜ ಬಿದ್ದು ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಗಿಡದ ಕೆಳಗೆ ಬಟ್ಟೆ ಹಾಸಿ, ಅಲುಗಾಡಿಸದೆ ಬೇರುಸಹಿತ ಎತ್ತಬೇಕು. ಉದುರಿದ ಮರಿಗಳನ್ನು ಒಂದೊಂದಾಗಿ ಆರಿಸಬೇಕು. ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಸಿಮೆಂಟಿನ ಮೇಲೆ ಬಿಸಿಲಿಗೆ ಬೇಯಿಸಿ, ಪೂರ್ತಿ ಒಣಗಿದ ಮೇಲೆ ಸುಡಬೇಕು. ಮೊಣಕಾಲಿಗೆ ಗೋಣಿ ಸುತ್ತಿಕೊಂಡು, ಹಲ್ಲಿನ ಚಿಮುಟದಿಂದ ಜಲ್ಲಿಯ ನಡುವಿನ ಮರಿಗಳನ್ನು ಹೆಕ್ಕುತ್ತ ಅವಳು ದಿನಕ್ಕೆ ಒಂದು ಚಾಪೆಯಷ್ಟು ಜಾಗ ಮುಗಿಸುತ್ತಿದ್ದಳು. ಕಚೇರಿ ಇಲ್ಲದ ದಿನ ನಾನೂ ಹೋಗುತ್ತಿದ್ದೆ.

ಕೊಟ್ಟ ಗಿಡಗಳನ್ನು ವಾಪಸು ಕೇಳಲು ಮನೆಮನೆಗೆ ಹೋದಳು. ಕೆಲವರು ಕೊಟ್ಟರು. ಕೆಲವರು ನಕ್ಕರು, ಕೊಟ್ಟ ವಸ್ತುವನ್ನು ಕೇಳುವುದು ಎಲ್ಲಾದರೂ ಉಂಟೇ ಎಂದರು. ಒಬ್ಬಾಕೆ, ಅದು ಬೇಜಾರಾಗಿ ಹೋದ ವರ್ಷವೇ ಹಳ್ಳಕ್ಕೆ ಎಸೆದೆ ಎಂದಳು. ದೊಡ್ಡಮ್ಮ ಆ ಹಳ್ಳವನ್ನೂ ಹುಡುಕಿಕೊಂಡು ಹೋದಳು. ಹಡಗಿನ ಅಡುಗೆಯವನು ತೀರಿಕೊಂಡಿದ್ದ; ಅವನ ಮನೆಯ ಚಾವಣಿಯ ಮೇಲೆ ಗಿಡ ಹೂಬಿಟ್ಟಿತ್ತು.

ಹಿತ್ತಲಿನ ಗಿಡಗಳನ್ನೆಲ್ಲ ಸುಟ್ಟುಬಿಡುತ್ತೇನೆ ಎಂದು ಒಂದು ದಿನ ಹೊರಟಿದ್ದಳು. ಕೊನೆಗೆ ಸುಡಲಿಲ್ಲ. ತಪ್ಪು ಗಿಡದ್ದಲ್ಲ, ಎಲ್ಲಿಯದನ್ನೋ ತಂದು ಎಲ್ಲೋ ಬಿಟ್ಟ ಕೈಯದು ಎಂದಳು. ಹರಡದಂಥವನ್ನು ಮಾತ್ರ ಉಳಿಸಿಕೊಂಡಳು: ಗುಲಾಬಿಯಂತೆ ಎಲೆ ಸುತ್ತಿಕೊಂಡ ಬೂದುನೀಲಿಯದು, ಬಿಳಿ ಪಟ್ಟೆಯ ಗಿಡ್ಡನೆಯದು, ಬೆಣಚುಕಲ್ಲಿನಂತೆ ಕಾಣುವ, ವರ್ಷಕ್ಕೆ ಒಂದೇ ಜೊತೆ ಎಲೆ ಬಿಡುವುದು. ಅವುಗಳನ್ನೂ ನೆಲಕ್ಕೆ ಇಳಿಸಲಿಲ್ಲ. ಕಲ್ಲುಹಲಗೆಯ ಮೇಲೆ ಕುಂಡ, ಕುಂಡದ ಕೆಳಗೆ ತಟ್ಟೆ, ಹೂವು ಬಾಡಿದ ಕೂಡಲೇ ದಂಟು ಕತ್ತರಿಸಿ ಒಲೆಗೆ. ಹೊಸ ಗಿಡ ಬಂದರೆ ಬಚ್ಚಲಿನ ಕಿಟಕಿಯಲ್ಲಿ ಎರಡು ಚಳಿಗಾಲ ಒಂಟಿಯಾಗಿ ಇಟ್ಟು ನೋಡುವಳು. ಯಾರಾದರೂ ಒಂದು ಎಲೆ ಕೇಳಿದರೆ, ಎಲ್ಲಿಡುತ್ತೀರಿ, ಹತ್ತಿರ ದನ ಮೇಯುತ್ತವೆಯೇ, ಬೇಡವಾದಾಗ ಏನು ಮಾಡುತ್ತೀರಿ ಎಂದು ವಿಚಾರಣೆ. ಹೆಣ್ಣು ಕೊಡಲು ಕೂಡ ಇಷ್ಟು ಕೇಳುವುದಿಲ್ಲ ಎಂದು ಜನ ಆಡಿಕೊಂಡರು. ಅವಳ ಕೈಯಿಂದ ಗಿಡ ಪಡೆದವರು ಆಮೇಲಿನ ಏಳು ವರ್ಷದಲ್ಲಿ ಐದಾರು ಮಂದಿ ಇರಬಹುದು.

ಎರಡನೆಯ ವರ್ಷದ ಒಂದು ಬೆಳಿಗ್ಗೆ ಗುಡ್ಡದ ಆ ತುದಿಯಲ್ಲಿ ಯಾರೋ ಬಗ್ಗಿ ಕೂತಿರುವುದು ಕಂಡಿತು. ಬಣ್ಣ ಬಳಿಯುವವನು. ಅವನ ಪಕ್ಕದಲ್ಲೂ ಒಂದು ಚೀಲ. ದೊಡ್ಡಮ್ಮ ಎದ್ದು ನಿಂತು ಅವನತ್ತ ಎರಡು ಹೆಜ್ಜೆ ಇಟ್ಟಳು. ಅವನು ತಲೆ ಎತ್ತದೆಯೇ, ಅಲ್ಲಿಗೂ ಕೇಳುವಷ್ಟು ದನಿಯಲ್ಲಿ ಹೇಳಿದ.

‘ನಿಮಗೋಸ್ಕರ ಬಂದಿಲ್ಲ. ನೀವು ಆ ಕಡೆ ಮಾಡ್ಕೊಳ್ಳಿ.’

ಆ ಮೇಲೆ ಅವನು ವಾರಕ್ಕೊಂದು ದಿನ ಬರುತ್ತಿದ್ದ. ಇಬ್ಬರೂ ಗುಡ್ಡದ ಎರಡು ತುದಿಯಿಂದ ಕೀಳುತ್ತ ಬಂದರು. ನಡುವೆ ಭೇಟಿಯಾಗುವಷ್ಟು ಹತ್ತಿರ ಬಂದಾಗ ಅವನು ಚೀಲ ಎತ್ತಿಕೊಂಡು ಬೇರೆ ಜಾಗಕ್ಕೆ ಹೋಗುತ್ತಿದ್ದ.

ಐದನೆಯ ವರ್ಷಕ್ಕೆ ಗುಡ್ಡದ ಮೇಲೆ ಮತ್ತೆ ಹುಲ್ಲು ಹಿಡಿಯಿತು. ದೊಡ್ಡಮ್ಮನ ಮೊಣಕಾಲು ಅಷ್ಟರಲ್ಲಿ ಹೋಗಿತ್ತು. ಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಎಲ್ಲಾದರೂ ಬೂದು ಕಡ್ಡಿ ಕಂಡರೆ ಬೆರಳು ತೋರಿಸಿ ನನ್ನನ್ನು ಕಳಿಸುವಳು. ಅರ್ಧದಷ್ಟು ಸಲ ಅದು ಬರೀ ಒಣಕಡ್ಡಿಯಾಗಿರುತ್ತಿತ್ತು, ಕಣ್ಣೂ ಮಂಜಾಗಿತ್ತು. ನಾನು ಹೋಗಿ ಅದನ್ನೂ ಕಿತ್ತು ತಂದು ತೋರಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು, ಸುಮ್ಮನಿರು ಅಂದವಳು ನಾನಲ್ಲವೇ, ಅದನ್ನು ಅವರಿಗೆ ಹೇಳಿಬರಲೇ ಎಂದು ಕೇಳಿದೆ.

‘ನೀನು ಹೇಳಿದೆ, ಕೇಳಿದವಳು ನಾನು’ ಎಂದಳು. ‘ಅವರಿಗೆ ದ್ವೇಷ ಮಾಡೋಕೆ ಒಬ್ಬಳು ಸಾಕು. ಇಬ್ಬರಾದ್ರೆ ಅವರಿಗೇ ಭಾರ.’

ನಾನು ಹೋಗಲಿಲ್ಲ. ಈಗಲೂ ಹೋಗಿಲ್ಲ.

ಏಳನೆಯ ವರ್ಷ, ಬೇಸಿಗೆಯ ಆರಂಭದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಅವಳು ತೀರಿಕೊಂಡಳು. ಮಣ್ಣು ಮಾಡಲು ಬಂದವರು ಹತ್ತು ಮಂದಿ. ದಂತವೈದ್ಯರು ಬಂದಿದ್ದರು. ಬಣ್ಣ ಬಳಿಯುವವನು ರಸ್ತೆಯ ಆಚೆ ಸೈಕಲ್ ಹಿಡಿದು ನಿಂತಿದ್ದು, ದೇಹ ಎತ್ತಿದಾಗ ತಿರುಗಿ ಹೋದ. ಹಾಲಿನಾಕೆ ಬರಲಿಲ್ಲ. ಆ ಸಂಜೆಯೂ ಅವಳು ಎಂದಿನ ಹೊತ್ತಿಗೆ ಓಣಿಯಲ್ಲಿ ಹಾಲು ಹಾಕಿಕೊಂಡು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಮ್ಮ ಬಾಗಿಲು ದಾಟುವಾಗ ಅವಳ ನಡಿಗೆ ನಿಧಾನವಾಯಿತು ಎಂದು ನನಗನ್ನಿಸಿತು. ಅದು ನನ್ನ ಆಸೆಯೂ ಆಗಿದ್ದೀತು.

ಮನೆ ಬಾಡಿಗೆಯದು, ಯಜಮಾನರು ಬಿಡಿಸಿಕೊಂಡರು. ಕುಂಡಗಳನ್ನು ನಾನು ನನ್ನ ಹೊಸ ಕೋಣೆಗೆ ತಂದುಕೊಂಡೆ. ಮರು ಚಳಿಗಾಲದಲ್ಲಿ ಒಂದು ಭಾನುವಾರ ಚೀಲ ಹಿಡಿದು ಗುಡ್ಡಕ್ಕೆ ಹೋದೆ. ಕೆಳಗೆಲ್ಲ ಹುಲ್ಲಿತ್ತು. ತುದಿಯ ಹತ್ತಿರ, ಬಂಡೆಯೊಂದು ಹೊರಚಾಚಿರುವಲ್ಲಿ, ಬಿರುಕಿನೊಳಗೆ ಹನ್ನೊಂದು ಗಿಡ ಮೊಗ್ಗು ಹಿಡಿದು ನಿಂತಿದ್ದವು. ಬಂಡೆಗೆ ಎದೆ ಒತ್ತಿ ಕೈಚಾಚಿ ಒಂಬತ್ತನ್ನು ಕಿತ್ತೆ. ಇನ್ನೆರಡು ಎಟುಕಲಿಲ್ಲ. ಉದ್ದನೆಯ ಕೊಕ್ಕೆ ತರಬೇಕು ಎಂದುಕೊಂಡು ಇಳಿದೆ. ಮೊಗ್ಗು ಬಿರಿಯಲು ಇನ್ನೊಂದು ವಾರವಿತ್ತು.